ಅವ್ವ ಬಿಟ್ಟ ಜಾಗ

ಗುತ್ತಲಿನ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಕುರ್ಚಿ ಇದೆ. ನನ್ನ ಗಂಡ ರವಿಚಂದ್ರ ಬಿಟ್ಟರೆ ಬೇರೆ ಯಾರೂ ಅದರಲ್ಲಿ ಕೂರುವ ಹಾಗಿಲ್ಲ. ಎರಡೂ ಸ್ಪೀಕರ್‌ಗಳ ದನಿ ಸರಿಯಾಗಿ ಅಲ್ಲೇ ಬಂದು ಕೂಡುತ್ತದಂತೆ. ಸ್ಪೀಕರ್ ನಿಲ್ಲುವ ಕಡೆ ನೆಲಕ್ಕೆ ಟೇಪು ಅಂಟಿಸಿದ್ದಾರೆ. ಕಸ ಗುಡಿಸುವಾಗ ಅವು ಒಂದು ಬೆರಳಷ್ಟು ಸರಿದರೂ ಮನೆ ರಣರಂಗ. ಮಗಳ ಮದುವೆ ಎದುರಿಗಿದೆ, ಅಕ್ಕಿಮೂಟೆ ಇಡಲು ಜಾಗವಿಲ್ಲ. ದನಿ ಗುಂಯ್‌ಗುಡಬಾರದೆಂದು ಮೂಲೆ ಮೂಲೆಗೂ ಹಾಸಿಗೆ ಸುರುಳಿ ನಿಲ್ಲಿಸಿದ್ದಾರೆ!

ಆ ಭಾನುವಾರ ಅವರ ಗೆಳೆಯ ಅಶೋಕ್ ತನ್ನ ಹಳೇ ಕಾಲದ ಗಾಜಿನ ವಾಲ್ವ್‌ಗಳ ಆಂಪ್ಲಿಫೈಯರನ್ನು ಬಾಣಂತಿ ಮನೆಯ ಕೂಸಿನಂತೆ ಎತ್ತಿಕೊಂಡು ಬಂದ. ಅದರ ದನಿ ಮೇಲೋ, ಇವರ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನದು ಮೇಲೋ ತೀರ್ಮಾನವಾಗಬೇಕಿತ್ತು. ಪರೀಕ್ಷೆಗೆ ಹಾಕಿದ್ದು ನನ್ನ ಅವ್ವನ ಹಾಡು. ನಾನು ಸೌಟು ಹಿಡಿದೇ ಓಡಿಬಂದೆ.

ದುದ್ದದಲ್ಲಿದ್ದ ನನ್ನ ಅವ್ವ ಪಟ್ಟಲಮ್ಮ ಸಾಯುವ ಮುಂಚೆ ನನ್ನ ಫೋನಿಗೆ ಹಾಡಿದ ಸೋಬಾನೆ ಅದು. ಮಗಳು ಶೋಭಿತಾಳ ಎಣ್ಣೆಶಾಸ್ತ್ರದ ಹೊತ್ತಿಗೆ ನಾನು ಕಲಿತಿರಬೇಕೆಂದು ಹಾಡಿದ್ದು. ಸೋಬಾನೆಯಲ್ಲಿ ಒಬ್ಬರು ಸೊಲ್ಲು ಎತ್ತಿದರೆ ಮಿಕ್ಕವರು ಅದನ್ನೇ ತಿರುಗಿ ಹಾಡಬೇಕು. "ಈಗ ಬಾಯ್ ಮುಚ್ಕಂಡಿರು, ಮನೇಗ್ ಓಗಿ ಇದ್ರ ಜೊತೆ ಪದ ಏಳ್ಕಾ" ಎಂದು ಅವ್ವ ಒಂದೊಂದು ಸೊಲ್ಲಿಗೂ ನನ್ನ ಪಾಲಿನಷ್ಟು ಹೊತ್ತು ನಿಲ್ಲಿಸಿ, ನನ್ನ ಮುಖ ನೋಡುತ್ತಾ ಕಾಯುತ್ತಿದ್ದಳು. ಆ ಫೋನು ಕೆಡುವ ಮೊದಲು, ಜೋಪಾನ ಮಾಡಿ ಎಂದು ಹಾಡನ್ನು ಇವರ ಕಂಪ್ಯೂಟರಿಗೆ ಹಾಕಿಸಿದ್ದೆ.

ಈಗ ಕೇಳಿದರೆ ಅವ್ವ ಒಂದರ ಬೆನ್ನಿಗೊಂದು ಸೊಲ್ಲು ಹಾಡುತ್ತಲೇ ಇದ್ದಳು. ಎಲ್ಲೂ ನಿಲ್ಲಲಿಲ್ಲ.

"ನಡುನಡುವೆ ನಿಲ್ಲುಸ್ತಿತ್ತಲ್ಲ ನಮ್ಮವ್ವ, ಅದೆಲ್ಲೋಯ್ತು?"

"ಅದು ಬರೀ ಖಾಲಿ ಕಣೆ. ಫ್ಯಾನ್ ಸದ್ದು, ಕೋಳಿ ಸದ್ದು. ಕತ್ತರಿಸಿ ಕ್ಲೀನ್ ಮಾಡಿವ್ನಿ."

"ಮೊದ್ಲಿಂದು?"

"ಅಳಿಸ್ಬುಟ್ಟೆ. ಎರಡೆರಡು ಯಾಕೆ?"

ಅಶೋಕ್ ಕಣ್ಣು ಮುಚ್ಚಿಕೊಂಡೇ, "ಲೇ ರವಿ, ವಾಲ್ವಲ್ಲಿ ಅಜ್ಜಿ ಉಸ್ರೂ ಕೇಳ್ತದೆ ಕಣ್ಲಾ" ಎಂದ.

ನನ್ನ ಮೈಯೆಲ್ಲ ಉರಿದುಹೋಯಿತು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಕಿವಿಗಳಂತೆ! ಅವ್ವ ನನಗಾಗಿ ಕಾದದ್ದು ಈ ಕಿವಿಗಳಿಗೆ ಖಾಲಿ.

"ಏಳಿ ಮ್ಯಾಕೆ" ಎಂದೆ, ಕುರ್ಚಿಯಲ್ಲಿದ್ದ ಗಂಡನಿಗೆ.

"ಸುನಿತಾ, ಅಶೋಕ ಕುಂತವ್ನೆ..."

"ಕುಂತಿರ್ಲಿ. ಅವ್ರೂ ಕೇಳ್ಲಿ."

ರಿಮೋಟ್ ಕಿತ್ತುಕೊಂಡು ಆ ಕುರ್ಚಿಯಲ್ಲಿ ಕೂತೆ. ಅವ್ವ ಎದುರಿಗೇ ಕೂತು ಹಾಡಿದಂತೆ ಕೇಳಿಸಿತು, ಸುಳ್ಳೇಕೆ ಹೇಳಲಿ. ಅದಕ್ಕೇ ಸಿಟ್ಟು ಇನ್ನೂ ಏರಿತು. ಒಂದು ಸೊಲ್ಲು ಮುಗಿದ ಕೂಡಲೇ ಗುಂಡಿ ಒತ್ತಿ ನಿಲ್ಲಿಸಿ, ಅದನ್ನೇ ನಾನು ಹಾಡಿದೆ. ಮುಂದಿನ ಸಲ ಒತ್ತುವುದು ಚೂರು ತಡವಾಯಿತು. ಅವ್ವ ನನ್ನನ್ನು ಬಿಟ್ಟು ಮುಂದಕ್ಕೆ ಹೋಗಿಬಿಟ್ಟಳು. ಹಿಂದಕ್ಕೆ ತಿರುಗಿಸಿ ಮತ್ತೆ ಹಾಡಿದೆ. ಅಶೋಕ್ ತಲೆ ತಗ್ಗಿಸಿ ಕೂತಿದ್ದ.

ರವಿಚಂದ್ರ ಮೆತ್ತಗೆ, "ತಿರ್ಗಾ ಗ್ಯಾಪ್ ಹಾಕ್ಕೊಡ್ತೀನಿ ಬುಡು. ಎಷ್ಟೊತ್ತು ಬೇಕು ಹೇಳು" ಎಂದರು.

"ನಮ್ಮವ್ವ ಎಷ್ಟೊತ್ತು ಕಾಯ್ತಿತ್ತು ಅಂತ ನಂಗೂ ಗೊತ್ತಿಲ್ಲ ಕಣ್ರೀ" ಎಂದೆ. "ಅದ್ಕೇ ಜೋಪಾನ ಮಾಡಿ ಅಂತ ನಿಮ್ ಕೈಗೆ ಕೊಟ್ಟಿದ್ದು."