ಸೈಕಲ್ಲು ವಾಹನವಲ್ಲ

"ಇಳಿಯೇ ಕೆಳಗೆ! ಇಳಿ ಅಂದ್ರೆ ಇಳೀಬೇಕು. ಬೋರ್ಡು ಕಾಣಲ್ವಾ? ಕಣ್ಣಿಗೇನು ಸೋಪಿನ ನೊರೆ ಹೋಗಿದೆಯಾ?"

ಕಾಲುವೆ ಏರಿಯ ತುದಿಯ ಬೋರ್ಡಿನ ಬಳಿ ಕಾವಲಿನವನು ಸೈಕಲ್ಲಿನ ಹ್ಯಾಂಡಲ್ಲಿಗೇ ಕೈ ಹಾಕಿದ. ಕ್ಯಾರಿಯರಿನ ಮೇಲೆ ಹಳೇ ಟ್ಯೂಬಿನಿಂದ ಬಿಗಿದಿದ್ದ ಗಂಟು ಒಂದು ಬದಿಗೆ ವಾಲಿತು. ಅಕ್ಕ ಒಂದು ಕಾಲನ್ನು ನೆಲಕ್ಕೂರಿ, ಬೆನ್ನಿನಿಂದ ಗಂಟಿಗೆ ಆಸರೆ ಕೊಟ್ಟು ನಿಂತಳು. ನಲವತ್ತು ಬೆಡ್‌ಶೀಟುಗಳು. ಹಿಂದಿನ ದಿನ ಒಗೆದು, ಒಣಗಿಸಿ, ಮಡಿಸಿದವು. ಎಂಟು ಗಂಟೆಯೊಳಗೆ ಆಸ್ಪತ್ರೆಯ ಹಿಂಬಾಗಿಲಿಗೆ ಮುಟ್ಟಬೇಕು.

"ಬಿಡಣ್ಣ, ಹೊತ್ತಾಯ್ತು. ಬೋರ್ಡು ನಮಗೋಸ್ಕರ ಹಾಕಿದ್ದಲ್ವಾ?"

"ಹೂಂ, ನಿಮಗೋಸ್ಕರವೇ. ಏನ್ ಬರೆದಿದೆ ಓದು."

"ಓದೋಕೆ ಬಂದಿದ್ರೆ ನಿನ್ ಜೊತೆ ಯಾಕೆ ಬಾಯಿ ಬಡ್ಕೋತಿದ್ದೆ? ನಿನ್ ಸಾಹೇಬನ ಕುರ್ಚೀಲಿ ಕೂತಿರ್ತಿದ್ದೆ."

ಹಿಂದೆ ಸಾಲಾಗಿ ಸೈಕಲ್ಲು ಹಿಡಿದು ನಿಂತಿದ್ದ ಆರು ಹೆಂಗಸರು ಕಿಸಕ್ಕನೆ ನಕ್ಕರು. ನಕ್ಕದ್ದೇ ತಪ್ಪಾಯಿತು. ಕಾವಲಿನವನು ಕೋಲಿನ ತುದಿಯಿಂದ ತಗಡನ್ನು ಕುಟ್ಟುತ್ತ ಒಂದೊಂದೇ ಅಕ್ಷರ ಓದಿದ. "ವಾಹನಗಳಿಗೆ ಪ್ರವೇಶವಿಲ್ಲ. ಕೇಳಿಸ್ತಾ? ಚಕ್ರ ಇದ್ದದ್ದೆಲ್ಲ ವಾಹನ. ಇದಕ್ಕೆ ಚಕ್ರ ಇದೆಯೋ ಇಲ್ವೋ? ಬಿಡು ಕೈಯ, ಮುಂಡೆ!"

ಎಳೆದ ರಭಸಕ್ಕೆ ಟ್ಯೂಬು ಕಳಚಿ ಗಂಟು ರಸ್ತೆಯ ಕೆಸರಿಗೆ ಬಿತ್ತು. ಬಿಳಿ ಬಟ್ಟೆ ಕೆಸರನ್ನು ಹೀರುವುದನ್ನು ಅಕ್ಕ ನೋಡುತ್ತ ನಿಂತಳು.

ಅವನೂ ಅವನ ಜೊತೆಗಾರನೂ ಏಳು ಸೈಕಲ್ಲುಗಳನ್ನು ಒಂದೊಂದಾಗಿ ಪುರಸಭೆ ಕಚೇರಿಯ ಷೆಡ್ಡಿಗೆ ತಳ್ಳಿಕೊಂಡು ಹೋದರು. ಮೂರನೆಯದನ್ನು ತಳ್ಳುತ್ತಿರುವಾಗ ಕ್ವಾರಿ ಧಣಿಯ ಜೀಪು ಬಂತು. ಬೋರ್ಡಿನ ಪಕ್ಕದಲ್ಲೇ ಗೇರು ಬದಲಿಸಿ, ಕಾಲುವೆಯ ಏರಿ ಹತ್ತಿತು. ಕಾವಲಿನವನು ಸಲಾಮು ಹೊಡೆಯಲು ಕೈ ಎತ್ತಿದ. ಸೈಕಲ್ಲು ದಬ್ಬನೆ ಬಿತ್ತು.

ಆ ಏರಿಯ ದಾರಿ ಒಂದಾಳು ಕೈ ಚಾಚಿ ಮಲಗಿದರೆ ಮುಗಿಯುವಷ್ಟು ಅಗಲ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಊರಿನ ಕೊಳೆ ಹರಿಯುವ ಹಳ್ಳ. ಒಗೆಯುವವರ ಮನೆಗಳ ಸಾಲಿನಿಂದ ಪಟ್ಟಣಕ್ಕೆ ಎರಡು ಮೈಲಿ. ನಡೆಯುವವರು, ಸೈಕಲ್ಲಿನವರು ಒಬ್ಬರಿಗೊಬ್ಬರು ಗಂಟೆ ಬಾರಿಸಿ, ಬದಿಗೆ ಸರಿದು, ಹೇಗೋ ಹೋಗುತ್ತಿದ್ದರು. ಹೆದ್ದಾರಿಯಲ್ಲಿ ಹೋದರೆ ಐದು ಮೈಲಿ. ಅಲ್ಲಿ ಕ್ವಾರಿಯ ಲಾರಿಗಳು. ಹಾಗಿರುವಾಗ ಧಣಿ ತನ್ನ ಬಂಗಲೆಯಿಂದ ಕ್ವಾರಿಗೆ ಹೋಗಲು ಈ ಏರಿಯನ್ನೇ ಹಿಡಿದ. ಜೀಪು ಬಂದರೆ ಸೈಕಲ್ಲನ್ನೂ ಗಂಟನ್ನೂ ಹಳ್ಳಕ್ಕಿಳಿಸಬೇಕು. ಇಳಿಯುವುದು ತಡವಾದ ಒಂದು ದಿನ ಅಕ್ಕನ ಅತ್ತೆಯ ಮೊಣಕಾಲಿನ ಮೇಲೆ ಚಕ್ರ ಹೋಯಿತು. ಅಂದಿನಿಂದ ಮುದುಕಿ ನೆಲಕ್ಕೆ ಕೈಯೂರಿ ತೆವಳುತ್ತಾಳೆ. ಸಾಲಿನವರೆಲ್ಲ ಹೆಬ್ಬೆಟ್ಟೊತ್ತಿ ಆ ಕಚೇರಿಗೆ ಅರ್ಜಿ ಕೊಟ್ಟರು. ವರ್ಷ ಅಲೆದ ಮೇಲೆ ಬಂದದ್ದು ಈ ಬೋರ್ಡು.

ಬರೆದವನು ಅಕ್ಕನ ಸ್ವಂತ ತಮ್ಮ.

ಪಟ್ಟಣದ ಅಂಗಡಿಗಳ ಹೆಸರು ಬರೆಯುವವನು ಅವನು. ಸಾಲಿನವರಿಗೆ ಬಣ್ಣದವನು. ಅಂದು ಮಧ್ಯಾಹ್ನ ಹೆಂಗಸರು ತಲೆಯ ಮೇಲೆ ಗಂಟು ಹೊತ್ತು ವಾಪಸು ಬಂದಾಗ ಅವನು ಜಗಲಿಯ ಮೇಲೆ ಕೂತು ಸೀಮೆಎಣ್ಣೆಯಲ್ಲಿ ಕುಂಚ ತೊಳೆಯುತ್ತಿದ್ದ.

"ಏನೋ ಬರ್ದೆ ನೀನು?" ಅಕ್ಕ ಗಂಟನ್ನು ಅವನ ಕಾಲ ಬಳಿಯೇ ಎತ್ತಿಹಾಕಿದಳು. "ಸೈಕಲ್ಲೂ ವಾಹನವಂತೆ. ಏಳೂ ಹೋಯ್ತು."

ಅವನು ಕುಂಚ ಬಿಟ್ಟು ಎದ್ದ. ಜೇಬಿನಿಂದ ಎಣ್ಣೆ ಹಿಡಿದ ಚೀಟಿ ತೆಗೆದ. ಕಚೇರಿಯ ಗುಮಾಸ್ತ ಬರೆದುಕೊಟ್ಟದ್ದು. ಅದರಲ್ಲಿ ಎರಡು ಸಾಲಿದ್ದವು: ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ನಡೆಯುವವರಿಗೆ ಮತ್ತು ಸೈಕಲ್ಲುಗಳಿಗೆ ಮಾತ್ರ.

"ತಗಡು ಚಿಕ್ಕದಿತ್ತಕ್ಕ. ಜೀಪಿನವನಿಗೆ ದೂರದಿಂದ್ಲೇ ಕಾಣ್ಲಿ ಅಂತ ಅಕ್ಷರ ದಪ್ಪ ಮಾಡ್ದೆ. ಜಾಗ ಸಾಲ್ಲಿಲ್ಲ. ಮೋಟಾರು ಬಿಟ್ಟೆ, ಕೆಳಗಿನ ಸಾಲು ಬಿಟ್ಟೆ. ವಾಹನ ಅಂದ್ರೇನೇ ಮೋಟಾರಲ್ವಾ? ನೀನೇ ಹೇಳು, ನಮ್ಮಲ್ಲಿ ಯಾರಾದ್ರೂ ಸೈಕಲ್ಲಿಗೆ ವಾಹನ ಅಂತಾರಾ?"

ಯಾರೂ ಅನ್ನುತ್ತಿರಲಿಲ್ಲ. ಆ ಸಾಲಿನಲ್ಲಿ ಸೈಕಲ್ಲಿಗೆ ಸೈಕಲ್ಲು, ಗಾಡಿಗೆ ಗಾಡಿ. "ವಾಹನ ಬಂತು!" ಎಂದು ಯಾರಾದರೂ ಕೂಗಿದರೆ ಮಕ್ಕಳನ್ನು ಒಳಗೆಳೆದುಕೊಳ್ಳಬೇಕು, ಒಣಹಾಕಿದ ಬಟ್ಟೆಯನ್ನು ಧೂಳು ಕೂರುವ ಮೊದಲು ಬಾಚಿಕೊಳ್ಳಬೇಕು, ಹಳ್ಳಕ್ಕಿಳಿಯಬೇಕು. ಅದಕ್ಕೆ ಮಾತ್ರ ಆ ಮಾತು.

"ಕಚೇರಿ ಮೇಸ್ತ್ರಿ ನೋಡ್ಲಿಲ್ವಾ?"

"ಅಕ್ಷರ ಗುಂಡಗಿದೆ ಅಂದ. ರುಜು ಹಾಕ್ದ."

ಅತ್ತೆ ಹೊಸಿಲಿನ ಬಳಿ ಕೂತು ಕಲೆಯಾದ ಬಟ್ಟೆಗೆ ಸೋಪು ಹಚ್ಚುತ್ತಿದ್ದಳು. ಕೈ ನಿಲ್ಲಿಸದೆ ಅಂದಳು, "ಅಷ್ಟು ಚೆಂದ ಬರೀಬಾರ್ದಿತ್ತು ಕಣೋ. ನನ್ ಕಾಲಿನ ಲೆಕ್ಕದಲ್ಲಿ ಒಂದು ಬೋರ್ಡು ಬಂದಿತ್ತು, ಅದೂ ಅವ್ರ ಕಡೆ ಸೇರ್ಕೊಂಡ್ಬಿಡ್ತು."

ಮರುದಿನ ಅಕ್ಕ, ಕುಳ್ಳಿ ಎಂದು ಎಲ್ಲರೂ ಕರೆಯುವ ಓರಗಿತ್ತಿ, ತಮ್ಮ, ಮೂವರೂ ಕಚೇರಿಗೆ ಹೋದರು. ಸಾಹೇಬ ಚೀಟಿಯನ್ನು ಮುಟ್ಟದೆ, ಪೆನ್ನಿನ ತುದಿಯಿಂದ ತನ್ನ ಕಡೆ ತಿರುಗಿಸಿಕೊಂಡು ಓದಿದ.

"ಚೀಟಿ ಬೇರೆ, ಬೋರ್ಡು ಬೇರೆ. ಜಾರಿಯಲ್ಲಿರೋದು ಬೋರ್ಡು. ಸೈಕಲ್ಲು ವಾಹನವೇ. ಕಾನೂನಲ್ಲಿದೆ."

"ಹಂಗಾದ್ರೆ ಜೀಪು ಏನು ಸ್ವಾಮಿ?" ಅಕ್ಕ ಕೇಳಿದಳು.

"ಅದು ತಪಾಸಣೆಗೆ ಹೋಗುತ್ತೆ. ಏರಿ ಗಟ್ಟಿಯಾಗಿದೆಯಾ ಅಂತ ನೋಡೋಕೆ ಧಣಿಗಳು ನಮಗೆ ಸಹಾಯ ಮಾಡ್ತಿದಾರೆ."

"ನಮ್ಮತ್ತೆ ಕಾಲಿನ ಮೇಲೆ ಹತ್ತಿಸಿದ್ದೂ ಗಟ್ಟಿಯಾಗಿದೆಯಾ ನೋಡೋಕಾ?"

ಸಾಹೇಬ ಕನ್ನಡಕದ ಮೇಲಿಂದ ನೋಡಿದ. "ನಾಲಿಗೆ ಬಿಗಿಹಿಡಿದು ಮಾತಾಡು. ಬೋರ್ಡು ತಿದ್ದಬೇಕಾದ್ರೆ ಹೊಸ ಅರ್ಜಿ ಕೊಡಿ. ಸಭೇಲಿ ಇಡ್ತೀವಿ."

"ಸಭೆ ಯಾವತ್ತು?"

"ಆದ ದಿನ."

ಹೊರಗೆ ಬಂದರೆ ಕಚೇರಿಯ ಜವಾನ ಒಂದು ಸೈಕಲ್ಲಿನಲ್ಲಿ ಟೀ ಕ್ಯಾನು ತೂಗುಹಾಕಿಕೊಂಡು ಹೋಗುತ್ತಿದ್ದ. ಸೀಟಿಗೆ ಕಟ್ಟಿದ್ದ ಹಸಿರು ಚಿಂದಿಯ ಗುರುತು ಕುಳ್ಳಿಗೆ ಸಿಕ್ಕಿತು.

"ನೋಡೇ ಅಕ್ಕ, ನನ್ ವಾಹನ ತಪಾಸಣೆಗೆ ಹೋಗ್ತಿದೆ," ಎಂದು ಅವಳು ನಕ್ಕಳು. ನಗುತ್ತಲೇ ಸೆರಗಿನಿಂದ ಮುಖ ಒತ್ತಿಕೊಂಡಳು.

ಸೈಕಲ್ಲಿನಲ್ಲಿ ನಲವತ್ತು ಬೆಡ್‌ಶೀಟು ಬರುತ್ತಿತ್ತು. ತಲೆಯ ಮೇಲೆ ಹದಿನೈದೇ. ಒಂದೇ ಬಟ್ಟೆಗೆ ಮೂರು ಸಲ ಓಡಾಟ. ಮೂರು ಸಲವೂ ಎದುರಿಗೋ ಹಿಂದೆಯೋ ಜೀಪು ಬರಬಹುದು, ಮೂರು ಸಲವೂ ಹಳ್ಳ. ಆಸ್ಪತ್ರೆಯ ಹಿಂಬಾಗಿಲಿನಲ್ಲಿ ಎಣಿಸಿಕೊಳ್ಳುವ ಹೆಂಗಸು, "ವಾರದೊಳಗೆ ಸರಿ ಮಾಡ್ಕೊಳ್ಳಿ. ಇಲ್ದಿದ್ರೆ ಬೇರೆಯವ್ರು ಕಾಯ್ತಿದಾರೆ," ಎಂದಳು.

ಮೂರನೆಯ ದಿನ ತಮ್ಮ ಯಾರಿಗೂ ಹೇಳದೆ ಏಣಿ ಹೊತ್ತುಕೊಂಡು ಹೋದ. ಹಾಡುಹಗಲು. ಬೋರ್ಡಿನ ಅಂಚಿನಲ್ಲಿ ಉಳಿದಿದ್ದ ಬೆರಳಗಲದ ಜಾಗದಲ್ಲಿ, ಮೇಷ್ಟ್ರು ಮಕ್ಕಳ ಬರಹ ತಿದ್ದುವ ಹಾಗೆ ಒಂದು ಗುರುತು ಹಾಕಿ, ಅದರ ಮೇಲೆ ಸಣ್ಣದಾಗಿ ಮೂರಕ್ಷರ ಬರೆದ. ಮೋಟಾರು. 'ರು'ವಿನ ಬಾಲ ಎಳೆಯುತ್ತಿದ್ದಾಗ ಏಣಿಯ ಕೆಳಗೆ ಜೀಪು ನಿಂತಿತು.

"ಏನೋ ಅದು?" ಧಣಿ ಕಿಟಕಿಯಿಂದ ತಲೆ ಹೊರಹಾಕಿದ.

"ಬಿಟ್ಟೋಗಿತ್ತು ಧಣಿ. ಚೀಟೀಲಿ ಇತ್ತು. ನನ್ ತಪ್ಪು, ನಾನೇ ಸರಿ ಮಾಡ್ತಿದೀನಿ."

"ಸರ್ಕಾರದ ಬೋರ್ಡು ತಿದ್ದೋಕೆ ನಿಮ್ಮಪ್ಪ ಬರೆಸಿದ್ನೇನೋ ಬೋಳಿಮಗನೆ? ನಾಕಕ್ಷರ ಬಂದ್ರೆ ಸಾಕು, ಕೊಬ್ಬು ಏರುತ್ತೆ ನಿಮಗೆ. ಒರೆಸು."

ತಮ್ಮ ಬಟ್ಟೆಗಾಗಿ ಕೆಳಗೆ ನೋಡಿದ.

"ಅಂಗಿ ಇದೆಯಲ್ಲ ಮೈಮೇಲೆ. ಬಿಚ್ಚು. ಬಿಚ್ಚಿ ಒರೆಸು."

ಜೀಪು ಕಂಡು ಓಡಿಬಂದಿದ್ದ ಕಾವಲಿನವನು ಏಣಿಯನ್ನು ಒಮ್ಮೆ ಅಲ್ಲಾಡಿಸಿದ. ತಮ್ಮ ಅಂಗಿ ಬಿಚ್ಚಿದ. ಅಕ್ಕ ತಮ್ಮನಿಗೆಂದೇ ನೀಲಿ ಹಾಕಿ ಒಗೆದುಕೊಟ್ಟಿದ್ದ ಬಿಳಿ ಅಂಗಿ. ಹಸಿ ಬಣ್ಣ ತಗಡಿನ ಮೇಲೆ ಹರಡಿ ಕಪ್ಪು ಮೋಡದಂತಾಯಿತು, ಹೋಗಲಿಲ್ಲ. "ಉಗುಳು ಹಾಕಿ ಉಜ್ಜೋ," ಎಂದ ಧಣಿ. ಅವನು ಉಗುಳಿ ಉಜ್ಜಿದ. ಅಷ್ಟರಲ್ಲಿ ಏರಿಯ ಮೇಲೆ ಏಳು ಜನ ಹೆಂಗಸರು ಗಂಟು ಹೊತ್ತು ಬಂದರು. ಬರಿಮೈಯಲ್ಲಿ ಏಣಿಯ ಮೇಲಿದ್ದ ತಮ್ಮ ತಿರುಗಿ ನೋಡಲಿಲ್ಲ. ಬೆನ್ನಿನ ಮೂಳೆಗಳು ಎಣಿಸುವಂತಿದ್ದವು. ಜೀಪು ಹಾರನ್ ಹೊಡೆಯುತ್ತ ಏರಿ ಹತ್ತಿತು. ಹೆಂಗಸರು ಹಳ್ಳಕ್ಕಿಳಿದರು. ಕೊಳೆ ನೀರು ಮೊಣಕಾಲಿಗೆ ಬಂತು.

ಅಂದು ತಮ್ಮ ಊಟಕ್ಕೆ ಏಳಲಿಲ್ಲ. ಅಕ್ಕ ಅಂಗಿಯನ್ನು ಕಲ್ಲಿಗೆ ಬಡಿದಳು, ಬಡಿದಳು, ಬಡಿದೇ ಬಡಿದಳು. ಬಣ್ಣ ಹೋಗಲಿಲ್ಲ, ಅಂಗಿ ಹರಿಯಿತು.

"ಕಲ್ಲೇನು ಮಾಡಿತ್ತೇ ನಿಂಗೆ?" ಎಂದಳು ಅತ್ತೆ.

ಅಕ್ಕ ಹರಿದ ಅಂಗಿಯನ್ನು ಹಿಂಡಿ ಏರಿಯ ದಾರಿಯ ಮೇಲೆ ಹರಡಿದಳು. ನಾಲ್ಕು ಮೂಲೆಗೂ ನಾಲ್ಕು ಕಲ್ಲಿಟ್ಟಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ದಾರಿಯ ಅಗಲಕ್ಕೆ ಅಂಗಿ ಸಾಲದು. ಬೆಡ್‌ಶೀಟು ಸಾಲುತ್ತದೆ.

ಮರುದಿನ ಬೆಳಗಿನಿಂದ ಎಲ್ಲ ಹೆಂಗಸರೂ ಒಗೆದರು. ಹಿಂಡಿದ ಬಟ್ಟೆಯನ್ನು ಬಯಲಿಗೆ ಒಯ್ಯಲಿಲ್ಲ. ಏರಿಯ ಮೇಲೆ, ಈ ಅಂಚಿನಿಂದ ಆ ಅಂಚಿಗೆ, ಒಂದಕ್ಕೊಂದು ಅಂಟಿದಂತೆ ಹಾಸಿದರು. ಆಸ್ಪತ್ರೆಯ ನೀಲಿ ಮುದ್ರೆ ಮೇಲಕ್ಕೆ ಬರಲಿ ಎಂದಳು ಅಕ್ಕ. ನೂರಕ್ಕೂ ಮೇಲೆ ಬೆಡ್‌ಶೀಟುಗಳು. ಬಿಸಿಲಿಗೆ ದಾರಿ ಕಣ್ಣು ಕುಕ್ಕುವಷ್ಟು ಬೆಳ್ಳಗಾಯಿತು.

"ಆಸ್ಪತ್ರೆಯವ್ರು ಕೆಲ್ಸ ತೆಗೀತಾರೆ ಕಣೇ," ಎಂದಳು ಕುಳ್ಳಿ.

"ತೆಗೀತಾರೆ. ದಾರಿ ಹೋದ್ರೂ ತೆಗೀತಾರೆ."

ಹತ್ತು ಗಂಟೆಗೆ ಜೀಪು ಬಂತು. ಅರ್ಧ ಏರಿ ದಾಟಿಯಾಗಿತ್ತು, ತಿರುಗಿಸಿಕೊಳ್ಳಲು ಜಾಗವಿರಲಿಲ್ಲ. ಹಾರನ್ ಆಯಿತು. ಯಾರೂ ಹಳ್ಳಕ್ಕಿಳಿಯಲಿಲ್ಲ.

"ಎತ್ರೇ ಅದನ್ನ!" ಧಣಿ ಕೂಗಿದ.

"ಒಣಗ್ಬೇಕು ಧಣಿ."

"ಬಯಲಿಲ್ವೇನೇ ನಿಮಗೆ?"

"ಬಯಲಿಗೆ ಹೊತ್ಕೊಂಡೋಗೋಕೆ ಸೈಕಲ್ಲಿಲ್ಲ. ಷೆಡ್ಡಲ್ಲಿದೆ. ಒಣಗಿದ್ ತಕ್ಷಣ ಎತ್ಕೋತೀವಿ."

"ಹತ್ತಿಸೋ!"

ಡ್ರೈವರು ಧಣಿಯ ಮುಖ ನೋಡಿದ, ನೀಲಿ ಮುದ್ರೆ ನೋಡಿದ. ಕ್ಲಚ್ಚು ಬಿಟ್ಟ. ಮುಂದಿನ ಚಕ್ರ ಮೊದಲನೆಯ ಬೆಡ್‌ಶೀಟಿನ ಮೇಲೆ ಹತ್ತಿ ಕಪ್ಪು ಪಟ್ಟಿ ಎಳೆಯಿತು. ಎರಡನೆಯದರ ಮೇಲೂ ಹತ್ತಿತು. ಮೂರನೆಯದರ ಮೇಲೆ ಅಕ್ಕ ಹೋಗಿ ಕೂತಳು, ಕಾಲು ಚಾಚಿಕೊಂಡು, ಮನೆಯಂಗಳದಲ್ಲಿ ಕೂತಂತೆ. ಅವಳ ಹಿಂದಿನದರ ಮೇಲೆ ಕುಳ್ಳಿ. ಅದರ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ತಮ್ಮ ಬಂದ, ಅಂಗಿಯಿಲ್ಲದ ಮೈಯಲ್ಲೇ ಅಕ್ಕನ ಪಕ್ಕ ಕೂತ.

ಬಾನೆಟ್ಟು ಅಕ್ಕನ ಹಣೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು.

"ನನ್ನಿಂದಾಗಲ್ಲ ಧಣಿ," ಎಂದ ಡ್ರೈವರು. ಇಂಜಿನ್ನು ಆರಿಸಿದ.

"ಸೂಳೆಮಗನೆ, ನಿನ್ ಕೆಲ್ಸ..." ಎನ್ನುತ್ತ ಧಣಿ ಬಾಗಿಲು ತೆರೆದ. ಕೆಳಗೆ ಒದ್ದೆ ಬಟ್ಟೆ. ಕಾಲಿಡದೆ ಹಾಗೇ ಕೂತು ಫೋನು ತೆಗೆದ. ಸಾಹೇಬನ ಜೊತೆಯೋ ಪೊಲೀಸರ ಜೊತೆಯೋ ಜೋರಾಗಿ ಮಾತಾಡಿದ. ಆಮೇಲೆ ಕಿಟಕಿಯಿಂದ ಅಂದ, "ಬರ್ತಿದಾರೆ. ಒಣಗಿದ್ ತಕ್ಷಣ ಎತ್ಕೋತೀವಿ ಅಂದ್ರಲ್ಲ? ಬಿಸಿಲು ಚೆನ್ನಾಗಿದೆ. ನೋಡ್ತೀನಿ."

ಬಿಸಿಲು ಚೆನ್ನಾಗಿಯೇ ಇತ್ತು. ಅಂಚುಗಳು ಆಗಲೇ ಗರಿಗರಿಯಾಗುತ್ತಿದ್ದವು. ಕಾಲುವೆಯ ಮೆಟ್ಟಿಲಿನ ಕಡೆಯಿಂದ ಅತ್ತೆ ಕೈಯೂರಿಕೊಂಡು ತೆವಳುತ್ತ ಬಂದಳು. ಹಿಂದೆ ಒಂದು ಬಕೆಟ್ಟು ಎಳೆದುಕೊಂಡಿದ್ದಳು. ಚೊಂಬು ಮುಳುಗಿಸಿ, ಜೀಪಿನಡಿಗೆ ಕೈ ಚಾಚಿ, ಮೊದಲನೆಯ ಬೆಡ್‌ಶೀಟಿನ ಟೈರಿನ ಗುರುತಿನ ಮೇಲೆ ಸುರಿದಳು. ಮುಂದಕ್ಕೆ ತೆವಳಿದಳು. ಎರಡನೆಯದಕ್ಕೂ ಸುರಿದಳು. ಅಂಗೈಯಿಂದ ತಟ್ಟಿ ನೋಡಿದಳು.

"ಇನ್ನೂ ಹಸಿ ಇದೆ ಧಣಿ," ಎಂದು, ಮತ್ತೆ ಚೊಂಬನ್ನು ಬಕೆಟ್ಟಿಗೆ ಮುಳುಗಿಸಿದಳು.