ಇನ್ನೊಂದು ಕೈ

ಮನೆಗಾಡಿ ಕೊಳ್ಳಲು ಬಂದವನು ಒಳಗಿನ ಮಂಚ, ಒಲೆ, ಗೋಡೆಗೆ ಮಡಚಿಡುವ ಮೇಜು ಎಲ್ಲವನ್ನೂ ಮೆಚ್ಚಿದ. ಹೊರಗೆ ಇಳಿದು ಮೂಗು ಮುರಿದ. ಬಣ್ಣ ಒಂದೇ ಸಮ ಮಾಡಿಸಿಡಿ, ಭಾನುವಾರ ಒಯ್ಯುತ್ತೇನೆ, ಇಲ್ಲದಿದ್ದರೆ ಬೇಡ ಎಂದ.

ನನಗೆ ಅದು ಹೋದರೆ ಸಾಕಿತ್ತು. ಒಂದು ಪ್ರವಾಸದ ಬೆಳಿಗ್ಗೆ ನನ್ನ ಗಂಡ ಆ ಮಂಚದಿಂದ ಏಳಲಿಲ್ಲ. ಅಂದಿನಿಂದ ಗಾಡಿ ನನ್ನ ಕೋಣೆಯ ಕಿಟಕಿಗೆ ಅಡ್ಡ ನಿಂತಿತ್ತು. ಪರದೆ ಎಳೆದರೂ ನಿಂತಿರುವುದು ಗೊತ್ತಾಗುತ್ತಿತ್ತು.

ಅತ್ತೆಯ ತಮ್ಮ ಬಂದರು. ಗಾಡಿಗಳಿಗೆ ಬಣ್ಣ ಹೊಡೆಯುವುದೇ ಅವರ ಕಸುಬು. ನಮಗೆಲ್ಲ ಅವರು ಬಣ್ಣದ ಮಾಮ.

"ಕಂಪನಿ ಬಣ್ಣ ಹಾಗೇ ಹೊಡೆದ್ರೆ ತೇಪೆ ಹಾಕಿದ ಹಾಗೆ ಕಾಣುತ್ತೆ ಕಣಮ್ಮ. ಗಾಡಿಗೆ ವಯಸ್ಸಾಗಿದೆ. ಬಣ್ಣಕ್ಕೂ ವಯಸ್ಸು ಮಾಡ್ಬೇಕು," ಎನ್ನುತ್ತ ಕೆನೆ ಬಣ್ಣಕ್ಕೆ ಒಂದಿಷ್ಟು ಹಳದಿ, ಕಡ್ಡಿಯ ತುದಿಯಷ್ಟು ಕಪ್ಪು ಬೆರೆಸಿದರು.

"ನಿನ್ನ ತಲೆಗೂ ಸ್ವಲ್ಪ ಕಪ್ಪು ಬೆರೆಸ್ಕೊಳ್ಳೋ," ಎಂದರು ಅತ್ತೆ.

"ಅದರ ಕಂಪನೀನೇ ಮುಚ್ಚಿ ಹೋಗಿದೆ ಅಕ್ಕಾ."

ಅತ್ತೆ ಎಷ್ಟೋ ದಿನಗಳ ಮೇಲೆ ನಕ್ಕರು. ನಾನೂ ನಗಬೇಕಿತ್ತು.

ಗೀರುಗಳು, ತುಕ್ಕಿನ ಚುಕ್ಕೆಗಳು ಒಂದೊಂದಾಗಿ ಮಾಯವಾದವು. ಬಾಗಿಲ ಪಕ್ಕದ ಒಂದು ಜಾಗ ಮಾತ್ರ ಉಳಿಯಿತು. ಹತ್ತುವಾಗಲೆಲ್ಲ ನನ್ನ ಗಂಡ ಎಡಗೈ ಊರುತ್ತಿದ್ದ ಜಾಗ. ಬಣ್ಣ ಸವೆದು ಅಡಿಯ ಬೂದು ಪ್ರೈಮರ್ ಕಾಣುತ್ತಿತ್ತು. ಮಾಮ ಅದನ್ನು ಉಜ್ಜಿ, ಒರೆಸಿ, ಬಣ್ಣ ಹೊಡೆದರು. ನಾವು ನೋಡುತ್ತಿದ್ದಂತೆಯೇ ಹಸಿ ಬಣ್ಣ ಹಿಂದೆ ಸರಿಯಿತು. ಒಂದು ಅಂಗೈ, ಐದು ಬೆರಳು ಮೂಡಿದವು.

"ಜಿಡ್ಡಿದ್ರೆ ಬಣ್ಣ ನಿಲ್ಲಲ್ಲ. ಯಾರು ಎಣ್ಣೆ ಕೈಯಲ್ಲಿ ಮುಟ್ಟಿದ್ದು?"

"ನಾನು ಕಣೋ," ಎಂದರು ಅತ್ತೆ. "ದಿನಾ ಮುಟ್ತೀನಿ. ಏನೀಗ?"

ಮಾಮ ಅಕ್ಕನ ಕೈ ಹಿಡಿದು ಆ ಗುರುತಿನ ಮುಂದೆ ಚಾಚಿದರು. ಗುರುತಿನ ಬೆರಳುಗಳು ಅತ್ತೆಯ ಬೆರಳಿಗಿಂತ ಒಂದೊಂದು ಗೆಣ್ಣು ಉದ್ದವಿದ್ದವು. ಆಮೇಲೆ ನನ್ನ ಕೈಯತ್ತ ನೋಡಿದರು.

ತಗಡು ಕಾಣುವವರೆಗೆ ಉಜ್ಜಿದರು. ಥಿನ್ನರ್ ಹಾಕಿ ತೊಳೆದರು. ಮತ್ತೆ ಹೊಡೆದರು, ಮತ್ತೆ ಅದೇ. ನೆರಳಲ್ಲಿ ನಿಂತ ಗಾಡಿ ಮೈಯೆಲ್ಲ ತಣ್ಣಗಿತ್ತು. ಆ ಗುರುತು ಮಾತ್ರ ತಣ್ಣಗಿರಲಿಲ್ಲ.

ಶನಿವಾರ ಮಧ್ಯಾಹ್ನ ಮಾಮ ಸುಸ್ತಾಗಿ ಕುಕ್ಕರುಗಾಲಲ್ಲಿ ಕುಳಿತರು. ಬಣ್ಣದವರು ಒಮ್ಮೆ ಬಳಿಯುವುದಕ್ಕೆ ಒಂದು ಕೈ ಎನ್ನುತ್ತಾರೆ.

"ಇನ್ನೊಂದು ಕೈ ಕೇಳ್ತಿದೆ," ಎಂದರು ತಮ್ಮಷ್ಟಕ್ಕೆ ತಾವೇ. ಎದ್ದು ಹೊಡೆದು, ಫಲ ನೋಡಲು ಮನಸ್ಸಿಲ್ಲದವರಂತೆ ನಲ್ಲಿಯ ಕಡೆ ನಡೆದರು. ಅತ್ತೆ ಒಳಗಿದ್ದರು.

ಬಣ್ಣ ಸರಿಯತೊಡಗಿತು. ಮೊದಲು ಹೆಬ್ಬೆರಳು.

ಕೇಳಿದ್ದು ಕೈಯನ್ನೇ ತಾನೆ. ನಾನು ಎಡಗೈ ಇಟ್ಟೆ.

ಬೆರಳುಗಳ ಸಂದಿಯಲ್ಲಿ ಏನೋ ಬಿಗಿಯಿತು. ಎಷ್ಟು ಹೊತ್ತೋ. ಆಮೇಲೆ ಸಡಿಲಾಯಿತು. ನಾನೇ ಕೈ ಬಿಡಿಸಿಕೊಂಡೆ ಎಂದು ಹೇಳಲಾರೆ.

"ಅರೆ, ಹಿಡೀತಲ್ಲಮ್ಮ!" ಮಾಮ ಓಡಿ ಬಂದರು. ಬಣ್ಣ ಕನ್ನಡಿಯಂತೆ ಕೂತಿತ್ತು. ಅವನ ಗುರುತಿಲ್ಲ, ನನ್ನದೂ ಇಲ್ಲ. ನಾನು ಕೈಯನ್ನು ಸೆರಗಿನಲ್ಲಿ ಮರೆ ಮಾಡಿಕೊಂಡೆ.

ಭಾನುವಾರ ಕೊಳ್ಳುವವನು ಬಾಗಿಲ ಪಕ್ಕ ಬೆರಳಾಡಿಸಿ ನೋಡಿದ, ಏನೂ ಸಿಗಲಿಲ್ಲ. ಗಾಡಿ ಗೇಟು ದಾಟಿತು. ನನ್ನ ಕೋಣೆಗೆ ಬೆಳಕು ಬಂತು.

ಥಿನ್ನರ್, ಸೀಮೆಎಣ್ಣೆ, ಸೋಪು ಎಲ್ಲ ಹಾಕಿ ತಿಕ್ಕಿದ್ದೇನೆ. ಅಂಗೈಯ ಕೆನೆ ಬಣ್ಣ ಹಾಗೇ ಇದೆ. ಮುಷ್ಟಿ ಕಟ್ಟಿದರೆ ಬೆಚ್ಚಗಿರುತ್ತದೆ.

ಬಚ್ಚಲ ಬಾಗಿಲಲ್ಲಿ ಅತ್ತೆ ನನ್ನ ಮುಷ್ಟಿ ನೋಡುತ್ತ ನಿಂತಿದ್ದರು.

"ಹೋಯ್ತೇನೇ?"

"ಗಾಡಿ ಹೋಯ್ತು ಅತ್ತೆ," ಎಂದೆ.