ಮೂರು ಸ್ವೆಟರುಗಳ ಜ್ವರ

ಊರಿಗೆಲ್ಲ ನೋನಾ, ಎಂದರೆ ಅಜ್ಜಿ, ಆಗಿದ್ದ ಫಿಲೊಮೆನಾ ಯಾವ ಕೋಣೆಯನ್ನು ಹೊಕ್ಕರೂ ಮೊದಲು ನೋಡುತ್ತಿದ್ದದ್ದು ಕಿಟಕಿಗಳನ್ನು, ಮನುಷ್ಯರ ಸರದಿ ಆಮೇಲೆ. ಎದುರುಬದುರಿನ ಎರಡು ಕಿಟಕಿಗಳು ಒಟ್ಟಿಗೆ ತೆರೆದಿದ್ದರೆ, ನಡುವೆ ಕೂತವರು ಆಗಲೇ ಅರ್ಧ ಪರಲೋಕ ಸೇರಿದರೆಂಬ ಆತಂಕದಲ್ಲಿ ಧಾವಿಸಿ, ಒಂದನ್ನು ಮುಚ್ಚಿ ಚಿಲಕ ಹಾಕಿದ ಮೇಲಷ್ಟೇ ಕುಶಲ ವಿಚಾರಿಸುತ್ತಿದ್ದರು. ನಮ್ಮ ದ್ವೀಪದಲ್ಲಿ ಸಂದಿಗಾಳಿಗೆ ಹೆದರದವರು ಯಾರೂ ಇಲ್ಲ. ಕಿವಿನೋವು, ಕತ್ತುನೋವು, ಮುರಿದುಬಿದ್ದ ನಿಶ್ಚಿತಾರ್ಥ, ಎಲ್ಲಕ್ಕೂ ಅದೇ ಮೂಲ. ಆದರೆ ನಮ್ಮೆಲ್ಲರದು ಹವ್ಯಾಸಿ ಭಯ, ನೋನಾ ಅವರದು ಪೂರ್ಣಾವಧಿಯದು. ಗಾಳಿಗಳ ಪೈಕಿ ಗಾಳಿಮಾತೊಂದಕ್ಕೆ ಮಾತ್ರ ಅವರ ಮನೆಯಲ್ಲಿ ಮುಕ್ತ ಪ್ರವೇಶವಿತ್ತು.

ಸಮುದ್ರದ ಮೇಲಿಂದ ಬೂರಾ ಎಂಬ ಚಳಿಗಾಳಿ ಬೀಸುವ ದಿನಗಳಲ್ಲಿ ಅವರು ಏಡಿಯಂತೆ ಅಡ್ಡಡ್ಡವಾಗಿ, ಒಂದು ಭುಜವನ್ನು ಮುಂದೊಡ್ಡಿ ನಡೆಯುತ್ತಿದ್ದರು. ಮೈಮೇಲೆ, ಹಡಗಿನಲ್ಲಿ ದುಡಿದು ತೀರಿಕೊಂಡ ಗಂಡನ ಕಡುನೀಲಿ ಕೋಟು. ತೋಳುಗಳನ್ನು ಎರಡು ಸುತ್ತು ಮಡಚಿದರೂ ಬೆರಳ ತುದಿಗಳಷ್ಟೇ ಕಾಣುತ್ತಿದ್ದವು. ಜೇಬಿನಲ್ಲಿ ಸದಾ ಒಣ ಅಂಜೂರ. ಯಾರೂ ಕೇಳದ ಸಲಹೆಯನ್ನು ಕೊಟ್ಟು, "ಆಮೇಲೆ ನನ್ನನ್ನ ಕೇಳ್ಬೇಡಿ" ಎಂದು ಮುಗಿಸುವುದು ಅವರ ಮಾತಿನ ಮುದ್ರೆ. ಈ ಭಯದ ಬೇರು ನನಗೆ ಗೊತ್ತಾದದ್ದು ಒಂದೇ ಸಲ, ಅವರು ಮೀನು ಉಜ್ಜುತ್ತ ಕೂತಿದ್ದಾಗ. ಏಳು ವರ್ಷದವರಿದ್ದಾಗ, ಬಂದರಿಗೆ ಬರುವ ಹಡಗನ್ನು ನೋಡಲೆಂದು ಕಿಟಕಿ ತೆರೆದಿದ್ದರಂತೆ. ಮೂರು ವರ್ಷದ ತಮ್ಮ ಫ್ರಾನೆ ಅದೇ ಕೋಣೆಯಲ್ಲಿ ಮಲಗಿದ್ದ. ವಾರದೊಳಗೆ ತೀರಿಕೊಂಡ. "ಡಾಕ್ಟರು ಶ್ವಾಸಕೋಶ ಅಂದ್ರು," ಎಂದು ಮೀನನ್ನು ತಿರುಗಿಸಿ ಹಾಕಿ, "ಅಮ್ಮ ಏನೂ ಅನ್ಲಿಲ್ಲ. ನನ್ನ ಮುಖ ನೋಡಿದ್ಲು ಅಷ್ಟೆ," ಎಂದರು.

ಆ ಏಪ್ರಿಲ್‌ನಲ್ಲಿ ಆಚೆ ದಡದ ಪಟ್ಟಣಕ್ಕೆ ದಡಾರ ಬಂತು. ನೋನಾ ಅವರ ಮೊಮ್ಮಗಳಿಗೆ ನಾಲ್ಕು ವರ್ಷ, ಲಸಿಕೆ ಆಗಿರಲಿಲ್ಲ. ಎರಡು ಸಲ ದಿನ ಗೊತ್ತಾಗಿ ಎರಡು ಸಲವೂ ನೋನಾ ತಪ್ಪಿಸಿದ್ದರು, ಒಮ್ಮೆ ಮಗು ಸೀನಿತೆಂದು, ಇನ್ನೊಮ್ಮೆ ಬೂರಾ ಬೀಸಿತೆಂದು. ಈಗ ಮನೆಯಲ್ಲಿ ಎರಡು ತಿಂಗಳ ಕೂಸು ಬೇರೆ. ಅದಕ್ಕೆ ಲಸಿಕೆ ಹಾಕುವ ವಯಸ್ಸಲ್ಲ, ಅಕ್ಕ ರೋಗ ತಂದರೆ ಕೂಸಿಗೆ ಗತಿಯಿಲ್ಲ. ಮಗಳು ನೆವೆಂಕಾ ದನಿಯೇರಿಸದೆ ಹೇಳಿಬಿಟ್ಟಳು: "ಅಮ್ಮಾ, ಇವತ್ತೂ ಲಸಿಕೆ ಹಾಕಿಸ್ದೆ ವಾಪಸ್ ಬಂದ್ರೆ, ನಾನು ಕೂಸನ್ನ ಎತ್ಕೊಂಡು ನಮ್ಮತ್ತೆ ಮನೆಗೆ ಹೋಗ್ತೀನಿ."

ದ್ವೀಪಕ್ಕೆ ನರ್ಸು ಬರುವುದು ತಿಂಗಳಿಗೊಮ್ಮೆ. ಬೆಳಗಿನ ದೋಣಿಗೆ ಬಂದು ಹನ್ನೆರಡರ ದೋಣಿಗೆ ಹೊರಡುತ್ತಾಳೆ. ನೆರೆಯವಳಾದ ನನ್ನನ್ನು ಜೊತೆಗೆ ಕರೆದದ್ದು ಕಾಲು ಹಿಡಿಯಲಿಕ್ಕೆ. ನೋನಾ ಅವರದಲ್ಲ, ಮೊಮ್ಮಗಳದು. ಹುಡುಗಿಯ ಹೆಸರು ಟೊಂಕಾ, ಆದರೆ ಸೂಜಿ ತೋಳಿಗೆ. ದಾರಿಯುದ್ದಕ್ಕೂ ದೀಪದ ಕಂಬ, ಕಾಫಿ ಅಂಗಡಿಯ ಕುರ್ಚಿ, ದೋಣಿ ಕಟ್ಟುವ ಗೂಟ, ಸಿಕ್ಕಿದ್ದನ್ನೆಲ್ಲ ಅವಳು ತಬ್ಬಿಕೊಂಡಳು.

"ನಂಗೆ ದಡಾರ ಇಲ್ಲ!"

"ಬರ್ಬಾರ್ದು ಅಂತಾನೇ ಹೋಗ್ತಿರೋದು ಕಣೇ," ಎಂದರು ನೋನಾ.

"ಬಂದ್ಮೇಲೆ ಹೋಗೋಣ!"

ಚಿಕಿತ್ಸಾಲಯವೆಂದರೆ ಬಂದರಿನ ಕಚೇರಿಯ ಮೇಲಿನ ಒಂದೇ ಕೋಣೆ. ನರ್ಸು ವಿಂಕಾಳನ್ನು ಎಲ್ಲರೂ ಸಿಸ್ಟರ್ ಎನ್ನುತ್ತೇವೆ. ಸನ್ಯಾಸಿನಿಯರ ಶಾಲೆಯಲ್ಲಿ ಓದಿದ ನನಗೆ ಸಿಸ್ಟರುಗಳು ಹೊಸಬರಲ್ಲ. ಅವರು ಮಾತಿನಲ್ಲಿ ಚುಚ್ಚುತ್ತಿದ್ದರು, ಇವಳು ಸೂಜಿಯಲ್ಲಿ ಎಂದುಕೊಂಡಿದ್ದೆ. ಇವಳಿಗೆ ಎರಡೂ ಬರುತ್ತಿತ್ತು. ಕಂಕುಳಲ್ಲಿಟ್ಟ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು, "ಮೂವತ್ತೇಳು ಪಾಯಿಂಟ್ ಒಂಬತ್ತು ಡಿಗ್ರಿ. ಜ್ವರ ಇದೆ ನೋನಾ, ಇವತ್ತಾಗಲ್ಲ. ಮುಂದಿನ ತಿಂಗಳು ನೋಡೋಣ," ಎಂದಳು. ಟೊಂಕಾ ಕುರ್ಚಿಯಿಂದ ಜಿಗಿದಳು. ನೋನಾ ಅದೇ ಕುರ್ಚಿಯಲ್ಲಿ ಕುಸಿದರು.

"ಬೆಳಿಗ್ಗೆ ಮೈ ತಣ್ಣಗಿತ್ತು ಸಿಸ್ಟರ್. ನನ್ನಾಣೆ."

ವಿಂಕಾ ಮಗುವಿನ ಬೆನ್ನು ಮುಟ್ಟಿ ನೋಡಿ, ಹುಬ್ಬೇರಿಸಿ, ಗುಂಡಿ ಬಿಚ್ಚತೊಡಗಿದಳು. ಕೋಟು. ಅದರಡಿಯಲ್ಲಿ ಸ್ವೆಟರು, ಸ್ವೆಟರು, ಮತ್ತೊಂದು ಸ್ವೆಟರು, ಅದರಡಿಯಲ್ಲಿ ಉಣ್ಣೆಯ ಬನಿಯನ್, ಅದು ತೊಪ್ಪೆಯಾಗಿ ನೆನೆದಿತ್ತು.

"ಮಗೂನ ಕರ್ಕೊಂಡ್ ಬಂದ್ರೋ, ಈರುಳ್ಳೀನೋ? ಇದು ಜ್ವರ ಅಲ್ಲ ನೋನಾ, ಅಡುಗೆ. ನೀವು ಇವಳನ್ನ ಬೇಯಿಸಿದ್ದೀರಿ."

"ಗಾಳಿ ಇತ್ತಲ್ಲ..."

"ಎಲ್ಲಾ ತೆಗೀರಿ, ಬೆವರು ಒರೆಸಿ, ಕಿಟಕಿ ತೆಗೆದು ಅದರ ಹತ್ರ ಕೂರಿಸ್ಕೊಳ್ಳಿ. ಇಪ್ಪತ್ತು ನಿಮಿಷ. ಇಳಿದ್ರೆ ಹಾಕ್ತೀನಿ. ಇಳೀದಿದ್ರೆ ನಾನು ಹೊರಟೆ, ದೋಣಿ ಯಾರಿಗೂ ಕಾಯಲ್ಲ."

ಗಂಟೆ ಹನ್ನೊಂದೂ ಇಪ್ಪತ್ತೈದು. ಹೊರಗೆ ಬೂರಾ, ಹಾಯಿಕಂಬಗಳ ಹಗ್ಗಗಳನ್ನು ಮೀಟುತ್ತಿತ್ತು. "ಬೆವರಿರೋ ಮಗೂನ... ಕಿಟಕಿ ಹತ್ರ?" ನೋನಾ ಅವರ ದನಿ ಅವರದಾಗಿ ಕೇಳಲಿಲ್ಲ. ನಾನೇ ಎದ್ದು ಚಿಲಕಕ್ಕೆ ಕೈ ಹಾಕಿದೆ.

"ಮುಟ್ಬೇಡ," ಎಂದರು. "ಏನಾದ್ರೂ ಆದ್ರೆ ನೀನು ತೆಗೆದೆ ಅಂತಾಗ್ಬಾರ್ದು. ನಾನೇ ತೆಗೀತೀನಿ."

ತೆರೆದರು. ಕಾಗದಗಳು ಮೇಜಿನಿಂದ ಹಾರಿದವು. ಬರಿಮೈಯ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನೋನಾ ಕಣ್ಣು ಮುಚ್ಚಿದರು. ತುಟಿಗಳು ಅಲುಗುತ್ತಿದ್ದವು. ಜಪಮಾಲೆಯ ಪ್ರಾರ್ಥನೆಯಿರಬೇಕೆಂದು ಹಳೆಯ ಅಭ್ಯಾಸದಿಂದ ನಾನೂ ದನಿಗೂಡಿಸಲು ಬಾಗಿದೆ. ಕೇಳಿಸಿದ್ದು ಒಂದೇ ಪದ: ಫ್ರಾನೆ, ಫ್ರಾನೆ, ಫ್ರಾನೆ. ಆ ಇಪ್ಪತ್ತು ನಿಮಿಷಗಳಲ್ಲಿ ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ.

ಹನ್ನೊಂದೂ ಐವತ್ತು: ಮೂವತ್ತೇಳು ಪಾಯಿಂಟ್ ಒಂದು.

ವಿಂಕಾ ಸಿರಿಂಜು ತುಂಬಿದಳು. ನಾನು ಕಾಲು ಹಿಡಿದೆ. ಒದೆಯುತ್ತಲೇ ಟೊಂಕಾ ಕೇಳಿದಳು: "ನೋಯುತ್ತಾ?"

"ಇರುವೆ ಕಚ್ಚಿದ ಹಾಗೆ," ಎಂದಳು ವಿಂಕಾ.

"ಗೊತ್ತೇ ಆಗಲ್ಲ ಪುಟ್ಟಾ," ಎಂದೆ ನಾನು.

ಮಗು ನಮ್ಮಿಬ್ಬರನ್ನೂ ನಂಬದೆ ಅಜ್ಜಿಯ ಕಡೆ ತಿರುಗಿತು.

"ನೋಯುತ್ತೆ ಕಣೇ," ಎಂದರು ನೋನಾ, ತೋಳು ಮುಂದೊಡ್ಡಿ. "ನೋಯೋವಷ್ಟೂ ಹೊತ್ತು ಇದನ್ನ ಕಚ್ಚು."

ಕಚ್ಚಿದಳು. ಸೂಜಿ ಹೋಗಿ ಬಂದದ್ದು ಕ್ಷಣದಲ್ಲಿ. ಹಲ್ಲು ಬಿಡಿಸಲು ಹಿಡಿದ ಹೊತ್ತು ಅದಕ್ಕಿಂತ ದೀರ್ಘ. ದೋಣಿ ಕೂಗಿತು, ವಿಂಕಾ ಲಸಿಕೆಯ ಪುಸ್ತಕದಲ್ಲಿ ತಾರೀಖು ಗೀಚಿ ಮೆಟ್ಟಿಲಿಳಿದು ಓಡಿದಳು.

ಮುಂದಿನ ಎಂಟು ದಿನ ನೋನಾ ಮೊಮ್ಮಗಳ ಉಸಿರನ್ನು ಕಾದರು. ಮಗು ಒಂದು ಸೀನೂ ಸೀನಲಿಲ್ಲ. ನಿಮ್ಮ ಭಯ ಸುಳ್ಳಾಯಿತಲ್ಲ ಎಂದು ನಾನು ಕೆಣಕಿದಾಗ, ಅವರು ನನ್ನನ್ನು ಮರುಕದಿಂದ ನೋಡಿ, "ಈ ಸಲ ಗಾಳಿ ಬಿಟ್ಟುಬಿಡ್ತು," ಎಂದರು.

ಆ ಉತ್ತರ ಬಹಳ ದಿನ ನನ್ನೊಳಗೆ ಕೂತಿತ್ತು. ಅವರ ಮನಸ್ಸು ಎಳ್ಳಷ್ಟೂ ಬದಲಾಗಿರಲಿಲ್ಲ. ಮಗುವನ್ನು ಕೊಂದರೂ ಕೊಂದೀತೆಂದು ನಂಬಿದ್ದ ಗಾಳಿಯೆದುರೇ ಅವರು ಆ ಮಗುವನ್ನು ಹಿಡಿದು ಕೂತಿದ್ದರು, ಮನೆಯ ತೊಟ್ಟಿಲಲ್ಲಿದ್ದ ಇನ್ನೊಂದು ಮಗುವಿಗಾಗಿ. ನನ್ನಂಥವರು ಪುಸ್ತಕ ಓದಿ, ಭಯ ಕಳೆದುಕೊಂಡು, ಆಮೇಲೆ ಮಾಡುವುದನ್ನೆಲ್ಲ ವಿವೇಕವೆಂದು ಕರೆದುಕೊಳ್ಳುತ್ತೇವೆ. ಇವರ ಬಗೆಯವರಿಗೆ ಆ ಅನುಕೂಲವಿಲ್ಲ. ಅವರು ಜನ್ಮವಿಡೀ ಹೆದರಿಕೊಂಡೇ, ಮನೆಯವರ ನಗೆಗೂ ಗದರಿಕೆಗೂ ಗುರಿಯಾಗಿಯೇ, ತಮಗೆ ಅರ್ಥವಾಗದ ಒಳಿತೊಂದರ ಕೈಗೆ ತಮ್ಮ ಅತಿ ಪ್ರಿಯವಾದುದನ್ನು ಒಪ್ಪಿಸುತ್ತಾರೆ. ಅವರ ಮಡಿಲಿಂದ ಇಳಿದು ಆಡಲು ಓಡುವ ಮಕ್ಕಳಿಗೆ ಇದು ತಿಳಿಯುವುದಿಲ್ಲ. ತಿಳಿಯಬೇಕೆಂದು ಅವರು ಬಯಸುವುದೂ ಇಲ್ಲ.